ಡ್ರ್ಯಾಗ್‌ಲೈನ್ ಓಡುವುದಿಲ್ಲ

ಪ್ರಿಯರೇ,

ಮಧ್ಯಪ್ರದೇಶದ ಸಿಂಗ್ರೌಲಿಯ ಕಲ್ಲಿದ್ದಲು ಗಣಿಯ ಮೇಲೆ ನೀವು ಕಳಿಸಿದ ಕಥೆಯನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ಕಾಯಿಸೋದು ಸರಿಯಲ್ಲ ಅಂತ ಇದನ್ನು ಮೊದಲೇ ಹೇಳಿದೆ. ಹಾಗಂತ ಮೂಲೆಗೆ ಎಸೆಯಿರಿ ಅಂತಲೂ ನಾನು ಹೇಳುವುದಿಲ್ಲ. ಇದರಲ್ಲಿ ಕಥೆ ಇದೆ. ನೀವು ಹುಡುಕಿದ ಜಾಗದಲ್ಲಿ ಇಲ್ಲ, ಅಷ್ಟೇ. ಹೆಸರು ಹಾಕದೆ ಅಂಕಣದಲ್ಲೇ ಉತ್ತರ ಕೊಡಿ, ಬೇರೆಯವರಿಗೂ ಉಪಯೋಗವಾಗಲಿ ಅಂದಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಓದುಗರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಆಲೂರು ಕಡೆಯ ಹುಡುಗ. ಅಪ್ಪ ಕುದುರೆಮುಖದ ಗಣಿಯಲ್ಲಿ ಡಂಪರ್ ಓಡಿಸಿದವರು. ಹುಡುಗ ಹಾಸನದಲ್ಲಿ ಐಟಿಐ ಮುಗಿಸಿ ಸಿಂಗ್ರೌಲಿಗೆ ಹೋಗುತ್ತಾನೆ. ಅಲ್ಲಿ ದೊಡ್ಡ ಡ್ರ್ಯಾಗ್‌ಲೈನಿನ ಆಪರೇಟರ್ ಆಗುತ್ತಾನೆ. ಉದ್ದನೆಯ ತೋಳಿನಿಂದ ಉಕ್ಕಿನ ಹಗ್ಗದಲ್ಲಿ ತೂಗುವ ಬಕೆಟ್ಟಿನಲ್ಲಿ ಮಣ್ಣು ಬಾಚುವ ಯಂತ್ರ ಅದು. ಒಂದು ಮಳೆಗಾಲದ ರಾತ್ರಿ ಗಣಿಯ ಮಣ್ಣಿನ ಗುಡ್ಡ ಕುಸಿಯತೊಡಗುತ್ತದೆ. ಕೆಳಗೆ ಜನ ಇದ್ದಾರೆ. ಹುಡುಗ ಯಂತ್ರವನ್ನು 'ಬಾಣದಂತೆ ಮುನ್ನುಗ್ಗಿಸಿ' ಗುಡ್ಡಕ್ಕೆ ಅಡ್ಡ ನಿಲ್ಲಿಸುತ್ತಾನೆ. ಎಲ್ಲರೂ ಬದುಕುತ್ತಾರೆ.

ಡ್ರ್ಯಾಗ್‌ಲೈನ್ ಬಾಣದಂತೆ ಹೋಗುವುದಿಲ್ಲ. ಮುನ್ನುಗ್ಗುವುದಂತೂ ಇಲ್ಲವೇ ಇಲ್ಲ. ಅದು ನಡೆಯುವುದು ಹಿಂದಕ್ಕೆ. ಅದೂ ಗಂಟೆಗೆ ಕಾಲು ಕಿಲೋಮೀಟರಿನ ಆಸುಪಾಸು.

ಇದನ್ನು ಸಣ್ಣ ತಪ್ಪು ಅಂತ ತಿದ್ದಿ ಹಾಕಿಬಿಡಬಹುದಿತ್ತು. ಆದರೆ ನಿಮ್ಮ ಇಡೀ ಕಥೆ ನಿಂತಿರುವುದು ಆ ಒಂದು ಓಟದ ಮೇಲೆ. ಓಟ ತೆಗೆದರೆ ಕೊನೆಯ ನಾಲ್ಕು ಪುಟ ಉಳಿಯುವುದಿಲ್ಲ. ಹಾಗಾಗಿ ಈ ಯಂತ್ರ ಹೇಗೆ ನಡೆಯುತ್ತದೆ ಅನ್ನುವುದನ್ನು ನಾವಿಬ್ಬರೂ ಒಮ್ಮೆ ಸರಿಯಾಗಿ ನೋಡಬೇಕು.

ನಮ್ಮ ಕಡೆ ಹೊಂಡ ತೋಡುವ ಹಿಟಾಚಿಗೆ ಕಬ್ಬಿಣದ ಪಟ್ಟಿಯ ಚೈನು ಇರುತ್ತದೆ. ನಡೆಯುವ ಡ್ರ್ಯಾಗ್‌ಲೈನಿಗೆ ಚೈನೂ ಇಲ್ಲ, ಚಕ್ರವೂ ಇಲ್ಲ. ಅದರ ಅಡಿಯಲ್ಲಿ ಅಗಲವಾದ ದುಂಡನೆಯ ತಳ ಇರುತ್ತದೆ. ಟಬ್ ಅನ್ನುತ್ತಾರೆ. ಮಣ್ಣು ತೆಗೆಯುವಾಗ ಸಾವಿರ ಟನ್ ಮೀರಿದ ಆ ಯಂತ್ರ ಪೂರ್ತಿ ಆ ತಳದ ಮೇಲೆ ಕೂತಿರುತ್ತದೆ. ಭಾರ ಅಷ್ಟಗಲಕ್ಕೆ ಹಂಚಿಹೋಗುವುದರಿಂದ ಸಿಡಿಮದ್ದಿನಿಂದ ಸಡಿಲವಾದ ನೆಲದಲ್ಲೂ ಹೂತುಹೋಗುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಉಕ್ಕಿನ ಪಾದ. ಕೆಲಸದ ಹೊತ್ತಿನಲ್ಲಿ ಎರಡೂ ನೆಲದಿಂದ ಮೇಲೆದ್ದಿರುತ್ತವೆ. ನಡೆಯಬೇಕಾದಾಗ ಎರಡೂ ಒಟ್ಟಿಗೆ ಕೆಳಗಿಳಿದು ನೆಲ ಊರುತ್ತವೆ. ತಳ ಸ್ವಲ್ಪ ಏಳುತ್ತದೆ, ಎರಡು ಮೀಟರಿನಷ್ಟು ಹಿಂದೆ ಸರಿಯುತ್ತದೆ, ಮತ್ತೆ ಕೂರುತ್ತದೆ. ಜಗಲಿ ಮೇಲೆ ಕೂತ ಅಜ್ಜಿ ಬಿಸಿಲು ಬಂತು ಅಂತ ಎರಡೂ ಅಂಗೈ ಊರಿ, ಕೂತಲ್ಲೇ ಮೈ ಎತ್ತಿ ಹಿಂದಕ್ಕೆ ಸರಿಯುತ್ತಾರಲ್ಲ, ಥೇಟ್ ಹಾಗೆ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟವಾದದ್ದು. ಪಾದಗಳು ಇರುವುದು ತಿರುಗುವ ಮೇಲ್ಭಾಗದಲ್ಲಿ, ತಳದಲ್ಲಲ್ಲ. ಹಾಗಾಗಿ ಯಂತ್ರ ಎತ್ತ ಹೋಗಬೇಕೋ ಅತ್ತ ಮೊದಲು ಬೆನ್ನು ತಿರುಗಿಸುತ್ತದೆ, ಆಮೇಲೆ ಹೆಜ್ಜೆ ಇಡುತ್ತದೆ. ಹೋಗುವ ದಾರಿ ಆಪರೇಟರನ ಕಣ್ಣಿಗೆ ಬೀಳುವುದಿಲ್ಲ. ಅವನ ಮುಖ ಅವನು ಬಿಟ್ಟುಬರುತ್ತಿರುವ ಗುಂಡಿಯ ಕಡೆಗೇ ಇರುತ್ತದೆ. ಕಥೆ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ? ನೀವು ಇದನ್ನು ಬಿಟ್ಟು ಬಾಣ ತಂದಿದ್ದೀರಿ.

ಅಮೆರಿಕದ ಷಿಕಾಗೋದಲ್ಲಿ ಕಾಲುವೆ ಕೆಲಸಕ್ಕೆ ಜಾನ್ ಪೇಜ್ 1904ರಲ್ಲಿ ಮೊದಲ ಡ್ರ್ಯಾಗ್‌ಲೈನ್ ಮಾಡಿದಾಗ ಅದಕ್ಕೆ ನಡಿಗೆ ಇರಲಿಲ್ಲ. ಉರುಳೆಗಳ ಮೇಲೆ ಎಳೆದು ಸರಿಸಬೇಕಿತ್ತು. 1913ರಲ್ಲಿ ಮೊನಿಗನ್ ಕಂಪನಿಯ ಆಸ್ಕರ್ ಮಾರ್ಟಿನ್ಸನ್ ಪಾದಗಳನ್ನು ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ನಡಿಗೆಯ ಮೂಲ ಉಪಾಯ ಹಾಗೇ ಉಳಿದಿದೆ. ಇದನ್ನೆಲ್ಲ ಕಥೆಯಲ್ಲಿ ತುರುಕಬೇಡಿ. ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಎರಡನೆಯ ದೊಡ್ಡ ತೊಡಕು. ನಿಮ್ಮ ಹುಡುಗ ಬಕೆಟ್ ತುಂಬ ಕಲ್ಲಿದ್ದಲು ಎತ್ತಿ ಲಾರಿಗೆ ಸುರಿಯುತ್ತಾನೆ. ಸಿಂಗ್ರೌಲಿಯಲ್ಲಿ ಡ್ರ್ಯಾಗ್‌ಲೈನಿನ ಕೆಲಸ ಅದಲ್ಲ. ಕಲ್ಲಿದ್ದಲಿನ ಮೇಲೆ ಮಣ್ಣು, ಮರಳುಗಲ್ಲಿನ ದಪ್ಪ ಹೊದಿಕೆ ಇರುತ್ತದೆ. ಗಣಿಯವರು ಅದಕ್ಕೆ ಓಬಿ ಅನ್ನುತ್ತಾರೆ. ಸಿಡಿಸಿ ಸಡಿಲ ಮಾಡಿದ ಆ ಓಬಿಯನ್ನು ಬಾಚಿ, ಮೇಲ್ಭಾಗ ಪೂರ್ತಿ ತಿರುಗಿಸಿ, ಕಲ್ಲಿದ್ದಲು ತೆಗೆದು ಖಾಲಿಯಾದ ಪಕ್ಕದ ಗುಂಡಿಗೆ ಸುರಿಯುವುದು ಇದರ ಕೆಲಸ. ನಡುವೆ ಲಾರಿಯೇ ಬೇಕಿಲ್ಲ. ಇಷ್ಟು ದೊಡ್ಡ ಯಂತ್ರ ಕಟ್ಟಿದ್ದೇ ಅದಕ್ಕೆ. ಹೊದಿಕೆ ಸರಿದ ಮೇಲೆ ಕೆಳಗೆ ಕಪ್ಪಗೆ ಕಲ್ಲಿದ್ದಲು ತೆರೆದುಕೊಳ್ಳುತ್ತದೆ. ಆಮೇಲೆ ಅಗೆದು ತುಂಬುವ ಶವೆಲ್ ಯಂತ್ರ, ಡಂಪರ್ ಬಂದು ಅದನ್ನು ತುಂಬಿಕೊಂಡು ಹೋಗುತ್ತವೆ.

ಅಂದರೆ ನಿಮ್ಮ ಹುಡುಗ ಕಲ್ಲಿದ್ದಲು ಗಣಿಯಲ್ಲಿ ಇದ್ದೂ ಕಲ್ಲಿದ್ದಲನ್ನು ಮುಟ್ಟುವುದಿಲ್ಲ. ದಿನವಿಡೀ ಮಣ್ಣು ಸರಿಸುತ್ತಾನೆ. ಸರಿಸಿದ ಮಣ್ಣೇ ಎದುರಿಗೆ ಗುಡ್ಡವಾಗಿ ಏಳುತ್ತದೆ. ನಿಮ್ಮ ಕಥೆಯಲ್ಲಿ ಕುಸಿಯುವ ಗುಡ್ಡ ಯಾವುದು ಗೊತ್ತಾ? ಅವನೇ ಸುರಿದದ್ದು. ನೀವು ಅದನ್ನು 'ಪ್ರಕೃತಿಯ ಮುನಿಸು' ಅಂತ ಬರೆದಿದ್ದೀರಿ. ಮಳೆ ನೀರು ಬುಡಕ್ಕೆ ಇಳಿದು ನಿಂತರೆ ಸಡಿಲ ಮಣ್ಣಿನ ಗುಡ್ಡ ಜಾರುತ್ತದೆ, ನಿಜ. ಆದರೆ ಆ ಗುಡ್ಡವನ್ನು ಕಟ್ಟಿದ ಕೈ ಯಾವುದು ಅನ್ನುವ ಪ್ರಶ್ನೆ ನಿಮ್ಮ ಹುಡುಗನಿಗೆ ಒಂದು ಕ್ಷಣವೂ ಬರುವುದಿಲ್ಲ. ನನಗೆ ಓದುವಾಗ ಜಾಸ್ತಿ ಕೊರೆದದ್ದು ಇದೇ.

ಮಿಕ್ಕ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೀವು ಬರೆದ 168 ಘನ ಮೀಟರಿನ ಬಕೆಟ್ ಅಮೆರಿಕದ ಓಹಾಯೊದಲ್ಲಿದ್ದ ಬಿಗ್ ಮಸ್ಕಿಯದು. ಅದು 1969ರಲ್ಲಿ ಕೆಲಸಕ್ಕಿಳಿದು 1991ರಲ್ಲಿ ನಿಂತಿತು. 1999ರಲ್ಲಿ ಒಡೆದು ಗುಜರಿಗೆ ಹಾಕಿದರು, ಬಕೆಟ್ ಮಾತ್ರ ನೆನಪಿಗೆ ಇಟ್ಟುಕೊಂಡರು. ಸಿಂಗ್ರೌಲಿಯಲ್ಲಿ ಹೆಚ್ಚಾಗಿ ಹೇಳುವುದು 24/96 ಯಂತ್ರ. 24 ಘನ ಮೀಟರಿನ ಬಕೆಟ್, 96 ಮೀಟರಿನ ಬೂಮ್, ಅಂದರೆ ಬಕೆಟ್ ತೂಗುವ ಆ ಉದ್ದನೆಯ ತೋಳು. ಐದನೇ ಪುಟದಲ್ಲಿ ದೊಡ್ಡ ಚಕ್ರದ ಸುತ್ತ ಬಕೆಟ್‌ಗಳು ತಿರುಗುತ್ತವೆ. ಅದು ಬಕೆಟ್ ವೀಲ್, ನೆಯ್ವೇಲಿಯ ಲಿಗ್ನೈಟ್ ಗಣಿಯಲ್ಲಿರುವುದು. ಪೂರ್ತಿ ಬೇರೆ ಯಂತ್ರ. 'ಡೀಸೆಲ್ ಹೊಗೆ ಉಗುಳುತ್ತಾ' ಅಂತಲೂ ಬರೆದಿದ್ದೀರಿ. ಇದು ಕರೆಂಟಿನ ಯಂತ್ರ, ಹೊಗೆ ಇಲ್ಲ. ಸಿಂಗ್ರೌಲಿ, ಸಿಂಗರೇಣಿ ಎರಡನ್ನೂ ಬೆರೆಸಿದ್ದೀರಿ. ರಾಯಚೂರಿನ ಸ್ಥಾವರಕ್ಕೆ ಕಲ್ಲಿದ್ದಲು ಕೊಡುತ್ತಾ ಬಂದಿರುವುದು ತೆಲಂಗಾಣದ ಸಿಂಗರೇಣಿ. ಸಿಂಗ್ರೌಲಿಯದು ಹೆಚ್ಚಿನಂಶ ಅಲ್ಲೇ ಸುತ್ತಲಿನ ಶಕ್ತಿನಗರ, ವಿಂಧ್ಯಾಚಲ, ರಿಹಂದ್ ಸ್ಥಾವರಗಳಲ್ಲಿ ಉರಿಯುತ್ತದೆ. ಹಾಗಾಗಿ ಮಗ ತೋಡಿದ ಕಲ್ಲಿದ್ದಲಿನಿಂದ ಆಲೂರಿನ ಅವ್ವನ ಮನೆ ದೀಪ ಉರಿಯುತ್ತದೆ ಅನ್ನುವ ಪ್ಯಾರಾ ತೆಗೆದುಬಿಡಿ.

ಇನ್ನು ಭಾಷೆ. ಮೊದಲ ಎರಡು ಪುಟದಲ್ಲೇ ನಿಮ್ಮ ಯಂತ್ರ ಬಕಾಸುರ, ಕುಂಭಕರ್ಣ, ಐರಾವತ, ಕಬ್ಬಿಣದ ಮಂದರ ಪರ್ವತ ಎಲ್ಲವೂ ಆಗುತ್ತದೆ. ಒಂದೊಂದು ಹೋಲಿಕೆ ಬಂದಾಗಲೂ ಯಂತ್ರ ಕಣ್ಣಿಂದ ಇನ್ನಷ್ಟು ದೂರ ಹೋಗುತ್ತದೆ. ಬೂಮ್ ಎಷ್ಟುದ್ದ ಅಂದರೆ 'ಐವರು ಗೊಮ್ಮಟರನ್ನು ಒಬ್ಬರ ಮೇಲೊಬ್ಬರು ನಿಲ್ಲಿಸಿದಷ್ಟು' ಅಂದಿದ್ದೀರಿ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ, ಲೆಕ್ಕ ಹೆಚ್ಚುಕಡಿಮೆ ಸರಿಯೇ. ಆದರೆ ಬೂಮ್ ನೆಟ್ಟಗೆ ನಿಲ್ಲುವುದಿಲ್ಲ, ಗುಂಡಿಯ ಮೇಲೆ ಓರೆಯಾಗಿ ಚಾಚಿರುತ್ತದೆ. ನಿಂತ ಮೂರ್ತಿಯನ್ನು ನೆನೆಸಿಕೊಂಡ ಓದುಗನಿಗೆ ತಪ್ಪು ಚಿತ್ರವೇ ಸಿಗುತ್ತದೆ.

ದೊಡ್ಡದು ಅನ್ನುವ ಮಾತನ್ನು ಬಳಸದೆ ದೊಡ್ಡದನ್ನು ತೋರಿಸಿ. ಹುಡುಗನ ಕೈಯಿಂದ ಶುರು ಮಾಡಿ. ಬಕೆಟ್ ಎತ್ತುವ ಹಗ್ಗ ಒಂದು, ತನ್ನ ಕಡೆಗೆ ಎಳೆಯುವ ಹಗ್ಗ ಇನ್ನೊಂದು. ಎರಡೂ ಉಕ್ಕಿನವು, ಎರಡನ್ನೂ ಒಟ್ಟಿಗೆ ಆಡಿಸಬೇಕು. ಎಳೆಯುವ ಹಗ್ಗ ಬಿಗಿಯಾಗಿದ್ದರೆ ಬಕೆಟ್‌ನ ಬಾಯಿ ಮೇಲಕ್ಕೆ ನಿಲ್ಲುತ್ತದೆ, ಮಣ್ಣು ಚೆಲ್ಲುವುದಿಲ್ಲ. ಅದನ್ನು ಸಡಿಲ ಬಿಟ್ಟರೆ ಬಾಯಿ ಕೆಳಗೆ ಬಾಗಿ ಎಲ್ಲ ಸುರಿಯುತ್ತದೆ. ಬಾಚುವುದು, ಎತ್ತುವುದು, ತಿರುಗುವುದು, ಸುರಿಯುವುದು, ಮತ್ತೆ ವಾಪಸ್ ಬರುವುದು, ಎಲ್ಲ ಸುಮಾರು ಒಂದು ನಿಮಿಷದ ಆಟ. ಶಿಫ್ಟ್ ಪೂರ್ತಿ ಇದೇ. ತುಂಬಿದ ಬಕೆಟ್ ಜೋಲಾಡದ ಹಾಗೆ ತಿರುಗಿಸಿ ನಿಲ್ಲಿಸುವುದನ್ನು ಹೊಸಬ ಕಲಿಯುವುದು ಹೇಗೆ? ಪಕ್ಕದಲ್ಲಿ ನಿಂತ ಹಳೆಯ ಆಪರೇಟರ್ ಏನು ಹೇಳುತ್ತಾನೆ? ಇದನ್ನು ಒಂದು ಪುಟ ಬರೆಯಿರಿ. ಬಕಾಸುರನನ್ನು ಯಾರೂ ಕೇಳುವುದಿಲ್ಲ.

ಈಗ ಏಳನೇ ಪುಟಕ್ಕೆ ಬರೋಣ. ಅಲ್ಲಿ ಮೂರೇ ಮೂರು ಸಾಲು ಇವೆ. ಯಂತ್ರದ ಹಿಂದೆ ನೆಲದ ಮೇಲೆ ಬಿದ್ದಿರುವ ಕರೆಂಟಿನ ದಪ್ಪ ಕೇಬಲ್ಲು, ರಬ್ಬರ್ ಗ್ಲೋವ್ಸ್ ಹಾಕಿದ ಆರೇಳು ಜನ ಕೆಸರಲ್ಲಿ ಕಾಲು ಕೊಟ್ಟು ಅದನ್ನು ಪಕ್ಕಕ್ಕೆ ಸರಿಸುವುದು, ಒಬ್ಬನ ಬೂಟು ಕೆಸರಲ್ಲೇ ಉಳಿದು ಬರಿಗಾಲು ಮೇಲೆ ಬರುವುದು. ಇಡೀ ಕಥೆಯಲ್ಲಿ ನಾನು ಗಣಿಯೊಳಗೆ ನಿಂತದ್ದು ಆ ಮೂರು ಸಾಲಲ್ಲಿ ಮಾತ್ರ. ನಿಮ್ಮ ಭಾವ ಅಲ್ಲಿ ಕೇಬಲ್ ಗ್ಯಾಂಗಿನಲ್ಲಿದ್ದರು ಅಂತ ಪತ್ರದಲ್ಲಿ ಬರೆದಿದ್ದೀರಿ. ಈ ಸಾಲುಗಳು ಅವರ ಬಾಯಿಂದಲೇ ಬಂದವು, ಅಲ್ವಾ? ಮಿಕ್ಕದ್ದು ಮೊಬೈಲಿನ ವಿಡಿಯೋದಿಂದ ಬಂದದ್ದು ಅಂತ ಓದಿದರೇ ತಿಳಿಯುತ್ತದೆ.

ಭಾವನನ್ನು ಕೂರಿಸಿಕೊಂಡು ಕೇಳಿ. ಯಂತ್ರ ಹೆಜ್ಜೆ ಇಡುವ ಮುಂಚೆ ಪಾದದ ಕೆಳಗೆ ಕೇಬಲ್ ಸಿಗದ ಹಾಗೆ ನೋಡುವವರು ಯಾರು? ಆಪರೇಟರನಿಗೆ ಹಿಂದೆ ಕಾಣುವುದಿಲ್ಲ ಅಂದ ಮೇಲೆ ಸನ್ನೆ ಹೇಗೆ? ಮಳೆಯಲ್ಲಿ ಕೇಬಲ್ ಮುಟ್ಟುವಾಗ ಮನಸ್ಸಲ್ಲಿ ಏನಿರುತ್ತದೆ? ರಾತ್ರಿ ಊಟ ಎಲ್ಲಿ, ಯಾರ ಜೊತೆ? ಕರೆಂಟ್ ಹೋದರೆ ಅಷ್ಟು ದೊಡ್ಡ ಯಂತ್ರ ಕೂತಲ್ಲೇ ಕೂರುತ್ತದಲ್ಲ, ಆಗ ಒಳಗೆ ಸದ್ದು ಹೇಗಿರುತ್ತದೆ? ಅವರು ಹೇಳಿದ್ದನ್ನು ಚೆಂದ ಮಾಡಲು ಹೋಗಬೇಡಿ. ಹೇಳಿದ ಹಾಗೇ ಬರೆದುಕೊಳ್ಳಿ.

ಆಮೇಲೆ ಆ ರಾತ್ರಿಯನ್ನು ಮತ್ತೆ ಬರೆಯಿರಿ. ನನಗೆ ಅದು ಹೀಗೆ ಕಾಣುತ್ತದೆ, ಬದಲಾಯಿಸುವುದು ನಿಮಗೆ ಬಿಟ್ಟದ್ದು. ಹುಡುಗ ಮೇಲೆ ಕ್ಯಾಬಿನ್ನಿನಲ್ಲಿ ಕೂತಿದ್ದಾನೆ. ಎದುರಿನ ಗುಡ್ಡದಲ್ಲಿ ಬಿರುಕು ಬಿಟ್ಟದ್ದು, ಬುಡದಲ್ಲಿ ಸಣ್ಣ ಕಲ್ಲುಗಳು ಉರುಳತೊಡಗಿದ್ದು ದೀಪದ ಬೆಳಕಿನಲ್ಲಿ ಮೊದಲು ಕಾಣುವುದು ಅವನಿಗೆ. ಕೆಳಗೆ ಕಲ್ಲಿದ್ದಲು ತುಂಬುತ್ತಿರುವ ಶವೆಲ್ಲಿನವರಿಗೆ ಇನ್ನೂ ಗೊತ್ತಿಲ್ಲ. ಗಣಿಯ ಅತಿ ದೊಡ್ಡ ಯಂತ್ರ ಅವನ ಕೈಯಲ್ಲಿದೆ. ಅದರಿಂದ ಆ ಗುಡ್ಡವನ್ನು ತಡೆಯಲು ಆಗುವುದಿಲ್ಲ. ಸೈರನ್ ಒತ್ತಬಹುದು, ವಾಕಿಟಾಕಿಯಲ್ಲಿ ಕೂಗಬಹುದು, ಅಷ್ಟೇ. ಅವರು ಓಡುತ್ತಿರುವಾಗ ಅವನ ಯಂತ್ರ ಕೂತ ಬೆಂಚಿನ, ಅಂದರೆ ಗಣಿಯಲ್ಲಿ ಮೆಟ್ಟಿಲಿನ ಹಾಗೆ ಕಡಿದ ನೆಲದ, ಅಂಚೂ ಬಾಯಿ ಬಿಡುತ್ತದೆ. ಈಗ ಯಂತ್ರ ಹಿಂದೆ ಸರಿಯಬೇಕು. ಒಂದು ಹೆಜ್ಜೆ, ಎರಡು ಮೀಟರ್. ಹಿಂದೆ ಕತ್ತಲಲ್ಲಿ ಕೇಬಲ್ ಎಳೆಯುವವರು ಜಾಗ ಬಿಟ್ಟುಕೊಡಬೇಕು. ಅವರನ್ನು ಬಿಟ್ಟು ಅವನು ಹೆಜ್ಜೆ ಇಡುವ ಹಾಗಿಲ್ಲ, ಅವನ ಹೆಜ್ಜೆಗೆ ದಾರಿ ಮಾಡದೆ ಅವರು ಅಲ್ಲಿಂದ ಹೋಗುವ ಹಾಗಿಲ್ಲ. ನೀವು ಬರೆದ ಓಟ ಅರ್ಧ ಪುಟದಲ್ಲಿ ಮುಗಿಯುತ್ತದೆ. ಈ ನಡಿಗೆಗೆ ಆರು ಪುಟ ಕೊಟ್ಟರೂ ಓದುಗ ಉಸಿರು ಬಿಗಿಹಿಡಿದು ಓದುತ್ತಾನೆ. ಅದರ ನಿಧಾನವೇ ನಿಮ್ಮ ಕಥೆ.

ಅಪ್ಪನ ಬಗ್ಗೆಯೂ ಒಂದು ಮಾತು. ಅಪ್ಪ ಕುದುರೆಮುಖದವರು ಅಂತ ಮೊದಲ ಪುಟದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹಾಸನ, ಚಿಕ್ಕಮಗಳೂರಿನ ಓದುಗ ಅಲ್ಲೇ ನಿಂತುಬಿಡುತ್ತಾನೆ. 1976ರಲ್ಲಿ ಶುರುವಾದ ಕಂಪನಿ. ಗುಡ್ಡದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸಿದ ಗಣಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡು ಉಳಿಯಲಿ ಅಂದವರ ಮಾತು ನ್ಯಾಯವಾದದ್ದು, ನಾನೂ ಆ ಕಡೆಯವನೇ. ಆದರೆ ಅಲ್ಲಿ ಸ್ಟೇರಿಂಗ್ ಹಿಡಿದ ಕೈ ಆಮೇಲೆ ಏನು ಮಾಡಿತು? ಮನೆಯ ಹತ್ತಿರದ ಗಣಿ ಮುಚ್ಚಿದ್ದಕ್ಕೆ ಮಗ ಸಿಂಗ್ರೌಲಿಯವರೆಗೆ ಹೋಗಬೇಕಾಯಿತಾ? ಅಪ್ಪನಿಗೆ ಅದು ಹೆಮ್ಮೆಯಾ, ಸಂಕಟವಾ? ಒಂದು ಫೋನ್ ಮಾತುಕತೆ ಸಾಕು. ಆದರೆ ನಿಮ್ಮ ಹುಡುಗ 'ತಂದೆಯವರೇ, ನಾನು ಲೋಹದೈತ್ಯನನ್ನು ಪಳಗಿಸಿದೆ' ಅನ್ನುವುದು ಬೇಡ. ಆಲೂರಿನ ಹುಡುಗ ಫೋನಿನಲ್ಲಿ ಹಾಗೆ ಮಾತಾಡಲ್ಲ. 'ಅಪ್ಪಾ, ಊಟ ಆಯ್ತಾ? ಮಳೆ ಹೆಂಗದೆ?' ಅಂತಾನೆ. ಅಪ್ಪ ಡಂಪರ್ ಓಡಿಸಿದವರಲ್ವಾ, ಅವರೇ ಕೇಳಲಿ, 'ಬ್ರೇಕು ಹೆಂಗಪ್ಪ ಅದ್ರದ್ದು?' ಅಂತ.

ಒಂಬತ್ತನೇ ಪುಟದ ನಂತರದ್ದನ್ನು ಪೂರ್ತಿ ಬಿಟ್ಟು ಹೊಸದಾಗಿ ಬರೆಯಿರಿ. ಏಳನೇ ಪುಟದ ಆ ಮೂರು ಸಾಲನ್ನು ಮುಟ್ಟಬೇಡಿ. ದೀಪಾವಳಿ ವಿಶೇಷಾಂಕಕ್ಕೆ ಆಗಲೇಬೇಕು ಅನ್ನುವ ಅವಸರ ಬೇಡ, ಭಾವನ ಜೊತೆ ಮಾತು ಮುಗಿಯಲಿ. ಕುದುರೆಮುಖದಲ್ಲಿ ಡಂಪರ್ ಓಡಿಸಿದ ಹಿರಿಯರೊಬ್ಬರು ನಮ್ಮ ಕಚೇರಿಗೆ ಆಗಾಗ ಬರುತ್ತಾರೆ, ಒಳ್ಳೆಯ ಮಾತುಗಾರರು. ಹಾಸನಕ್ಕೆ ಬರುವ ದಿನ ಮೊದಲೇ ತಿಳಿಸಿದರೆ ಅವರಿಗೂ ಬರಲು ಹೇಳುತ್ತೇನೆ.

ಇಂತಿ,
ಸಂಪಾದಕ