ರೇಂಜ್ ರೋವರ್ ತಲೆಮಾರಿನಿಂದ ತಲೆಮಾರಿಗೆ ಎಷ್ಟು ಬದಲಾಗಿದೆ?

ಲ್ಯಾಂಡ್ ರೋವರ್ ಕಂಪನಿಯ ದುಬಾರಿ ಎಸ್‌ಯುವಿಯಾದ ಈಗಿನ ರೇಂಜ್ ರೋವರ್ ನೋಡಿದವರಿಗೆ 1970ರ ಮೊದಲನೆಯದನ್ನು ನಂಬುವುದೇ ಕಷ್ಟ. ಎರಡೇ ಬಾಗಿಲು, ರೆಕ್ಸಿನ್ ಸೀಟು, ರಬ್ಬರ್ ಮ್ಯಾಟು. ಕೆಸರಾದರೆ ಪೈಪ್ ಹಿಡಿದು ಒಳಗೇ ತೊಳೆಯಬಹುದಿತ್ತು! ಆದರೆ ಲಾರಿಯಲ್ಲಿರುವಂಥ ಪಟ್ಟಿಗಳ ಲೀಫ್ ಸ್ಪ್ರಿಂಗ್ ಬದಲು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಇತ್ತು. ಹಳ್ಳದಿಣ್ಣೆಯಲ್ಲೂ ಮೈಕೈ ನೋಯದ ಗುಟ್ಟು ಅದೇ. ನಾಲ್ಕು ಬಾಗಿಲು ಬಂದಿದ್ದು 1981ರಲ್ಲಿ. 1994ರ ಎರಡನೆಯದು ಇನ್ನಷ್ಟು ನಯವಾಯಿತು, ಅಷ್ಟೆ. ನನ್ನ ಪ್ರಕಾರ ನಿಜವಾದ ತಿರುವು ಮೂರನೆಯದು, ಕಂಪನಿ ಬಿಎಂಡಬ್ಲ್ಯು ಕೈಯಲ್ಲಿದ್ದಾಗ ರೂಪುಗೊಂಡಿದ್ದು. ಲಾರಿಯಂಥ ಬೇರೆ ಚಾಸಿ (ಬಾಡಿಯನ್ನು ಹೊರುವ ಅಡಿಯ ಚೌಕಟ್ಟು) ಹೋಯಿತು, ಕಾರಿನಂತೆ ಒಂದೇ ಬಾಡಿ ಬಂತು. 2008ರಲ್ಲಿ ಟಾಟಾದವರು ಕಂಪನಿಯನ್ನೇ ಕೊಂಡರು. 2012ರ ನಾಲ್ಕನೆಯದಕ್ಕೆ ಪೂರ್ತಿ ಅಲ್ಯೂಮಿನಿಯಂ ಬಾಡಿ. ತೂಕ ಮೂರನೆಯದಕ್ಕಿಂತ 420 ಕೆ.ಜಿ.ಯಷ್ಟರವರೆಗೆ ಕಡಿಮೆಯಾಯಿತು. ಈಗಿನ ಐದನೆಯದರಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮುಂದಿನವುಗಳ ಜೊತೆ ಹಿಂದಿನ ಚಕ್ರಗಳೂ ತಿರುಗುತ್ತವೆ.