ಸ್ಪ್ಯಾನಿಷ್ ಮಾತಾಡುವ ತಾಯಿ, ಮಾತು ನಿಂತ ಮಗು: ನಾವೇನು ಮಾಡಬಹುದು?

ಈ ಸಲದ ಮೂರೂ ಪ್ರಶ್ನೆಗಳು ಅಮೆರಿಕದಲ್ಲಿರುವ ಕನ್ನಡಿಗರಿಂದ ಬಂದಿವೆ. ಮೂವರೂ ಕೇಳಿರುವುದು ತಮಗಾಗಿ ಅಲ್ಲ, ತಮಗೆ ಗೊತ್ತಿರುವ ಸ್ಪ್ಯಾನಿಷ್ ಭಾಷೆಯ ಕುಟುಂಬಗಳಿಗಾಗಿ. ಉತ್ತರಿಸಿದವರು ಮಕ್ಕಳ ಮಾತು ಮತ್ತು ಭಾಷೆಯ ಚಿಕಿತ್ಸಕರು.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ನಮ್ಮ ಪಾಪುವನ್ನು ನೋಡಿಕೊಳ್ಳಲು ಬರುವ ಮಹಿಳೆ ಮೆಕ್ಸಿಕೋದವರು. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಅವರ ಮಗನಿಗೆ ಈಗ 2 ವರ್ಷ 9 ತಿಂಗಳು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಮೊದಲು ಆಡುತ್ತಿದ್ದ ನಾಲ್ಕೈದು ಮಾತೂ ನಿಂತುಹೋಗಿವೆ. ಡಾಕ್ಟರು ‘ಗಂಡುಮಕ್ಕಳು ತಡವಾಗಿ ಮಾತಾಡುತ್ತಾರೆ, ಕಾದು ನೋಡಿ’ ಎಂದರಂತೆ. ನನಗೆ ಸ್ಪ್ಯಾನಿಷ್ ಬಾರದು. ನನ್ನ 11 ವರ್ಷದ ಮಗಳು ಶಾಲೆಯಲ್ಲಿ ಕಲಿಯುತ್ತಿದ್ದಾಳೆ. ಅವಳನ್ನೂ ಕರೆದುಕೊಂಡು ಅವರ ಜೊತೆ ಹೋಗಲೇ? ಅವರಿಗೆ ಇಲ್ಲಿರಲು ಕಾಗದಪತ್ರ ಇದೆಯೋ ಇಲ್ಲವೋ ನಾನು ಕೇಳಿಲ್ಲ.

ಉತ್ತರ: ಕಾಯುವುದು ಬೇಡ. ಬಂದಿದ್ದ ಮಾತು ಹೋಯಿತು ಎಂದರೆ, ಮಗುವಿನ ವಯಸ್ಸು ಎಷ್ಟೇ ಇರಲಿ, ತಡಮಾಡದೆ ಪರೀಕ್ಷೆ ಆಗಬೇಕು. ಕಿವಿಯ ಪರೀಕ್ಷೆಯೂ ಜೊತೆಗೇ ಆಗಲಿ. ಇದು ಆಟಿಸಂ, ಅಂದರೆ ಮಾತು ಮತ್ತು ಜನರ ಜೊತೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ, ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ತಿಳಿಯುವ ದಾರಿ ಪರೀಕ್ಷೆಯೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 18 ಮತ್ತು 24 ತಿಂಗಳಲ್ಲಿ ಪ್ರತಿ ಮಗುವಿಗೂ ಆಟಿಸಂ ತಪಾಸಣೆ ಆಗಬೇಕು ಎನ್ನುತ್ತದೆ. ಈ ಮಗುವಿಗೆ ಅದು ಆಗಿದೆಯಾ ಎಂದು ತಾಯಿ ಕೇಳಲಿ. ‘ಕಾದು ನೋಡಿ’ ಎಂಬ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಮಾತಿಗೆ ಎಷ್ಟೋ ಮಕ್ಕಳ ಒಂದು ವರ್ಷ, ಎರಡು ವರ್ಷ ಹೋಗಿಬಿಟ್ಟಿದೆ.

ಇಲ್ಲಿ ಇನ್ನೊಂದು ಅವಸರವೂ ಇದೆ. ಮಗುವಿಗೆ ಮೂರು ತುಂಬಲು ಮೂರೇ ತಿಂಗಳು ಉಳಿದಿದೆ. ಅಮೆರಿಕದಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಶಿಕ್ಷಣಕ್ಕೆಂದು ಐಡಿಇಎ ಎಂಬ ಒಕ್ಕೂಟ ಕಾಯ್ದೆ ಇದೆ. ಅದರ ಪ್ರಕಾರ ಮೂರು ವರ್ಷದೊಳಗಿನ ಮಕ್ಕಳಿಗೆ ಒಂದು ವ್ಯವಸ್ಥೆ, ಮೂರು ತುಂಬಿದ ಮೇಲೆ ಇನ್ನೊಂದು. ಮೊದಲನೆಯದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅರ್ಲಿ ಸ್ಟಾರ್ಟ್ ಎಂದು ಹೆಸರು. ನಿಮ್ಮ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಅದನ್ನು ನೋಡಿಕೊಳ್ಳುವುದು ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್. ಅಲ್ಲಿಗೆ ಫೋನ್ ಮಾಡಲು ಡಾಕ್ಟರ ಚೀಟಿ ಬೇಕಿಲ್ಲ. ಆಟಿಸಂ ಎಂದು ಯಾರೂ ಬರೆದುಕೊಟ್ಟಿರಬೇಕಿಲ್ಲ. ‘ಮಗನ ಬೆಳವಣಿಗೆ ಬಗ್ಗೆ ನನಗೆ ಚಿಂತೆ ಇದೆ’ ಎಂದರೆ ಸಾಕು. ಫೋನ್ ಮಾಡಿದ ದಿನದಿಂದ 45 ದಿನದೊಳಗೆ ಪರೀಕ್ಷೆ ಮುಗಿಸಿ, ಮಗು ಅರ್ಹ ಎಂದಾದರೆ ಸೇವೆಯ ಯೋಜನೆಗೆ ಸಭೆ ಕರೆಯಬೇಕು. ಪರೀಕ್ಷೆಗೆ ದುಡ್ಡಿಲ್ಲ. ಆದರೆ ಮೂರನೇ ಹುಟ್ಟುಹಬ್ಬಕ್ಕೆ 45 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಅವರು ಈ ಪರೀಕ್ಷೆ ಮಾಡಲೇಬೇಕೆಂದಿಲ್ಲ. ಅದಕ್ಕೇ ನಾಳೆ ಬೆಳಿಗ್ಗೆಯೇ ಫೋನ್ ಆಗಲಿ.

ಅದೇ ದಿನ ಶಾಲಾ ಜಿಲ್ಲೆಗೂ, ಅಂದರೆ ಆ ಭಾಗದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸಂಸ್ಥೆಗೂ, ಒಂದು ಕಾಗದ ಹೋಗಲಿ. ಮೂರು ತುಂಬಿದ ಮೇಲೆ ಜವಾಬ್ದಾರಿ ಅವರದು. ಸ್ಯಾನ್ ಹೋಸೆ ಒಂದೇ ಊರಾದರೂ ಅದರೊಳಗೆ ಹಲವು ಶಾಲಾ ಜಿಲ್ಲೆಗಳಿವೆ. ಅವರ ಮನೆ ಯಾವುದಕ್ಕೆ ಸೇರುತ್ತದೆ ಎಂದು ವಿಳಾಸ ಹಾಕಿ ನೋಡಿಕೊಡಿ. ಈ ಕೆಲಸ ನೀವು ಮಾಡಬಹುದು. ಕಾಗದವನ್ನು ಮಾತ್ರ ತಾಯಿಯೇ ಬರೆಯಲಿ, ಸ್ಪ್ಯಾನಿಷ್‌ನಲ್ಲೇ. ಇಂಗ್ಲಿಷ್‌ನಲ್ಲೇ ಇರಬೇಕೆಂದು ಯಾವ ನಿಯಮವೂ ಇಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ, ಏನೇನು ಕಾಣುತ್ತಿದೆ ಎಂಬ ನಾಲ್ಕು ಸಾಲು, ‘ವಿಶೇಷ ಶಿಕ್ಷಣಕ್ಕಾಗಿ ನನ್ನ ಮಗನನ್ನು ಪರೀಕ್ಷಿಸಿ’ ಎಂಬ ಕೋರಿಕೆ, ‘ಎಲ್ಲ ಕಾಗದ ಸ್ಪ್ಯಾನಿಷ್‌ನಲ್ಲಿ ಬೇಕು, ಸಭೆಗೆ ದುಭಾಷಿ ಬೇಕು’ ಎಂಬ ಮಾತು. ಇಷ್ಟೇ. ಮೇಲೆ ತಾರೀಕು ಇರಲೇಬೇಕು. ಒಂದು ಪ್ರತಿ ಅವರ ಹತ್ತಿರ ಉಳಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಕಾಗದ ತಲುಪಿದ 15 ದಿನದೊಳಗೆ ಜಿಲ್ಲೆ ಪರೀಕ್ಷೆಯ ಯೋಜನೆ ಕಳಿಸಬೇಕು. ತಾಯಿ ಅದಕ್ಕೆ ಸಹಿ ಹಾಕಿ ಕೊಟ್ಟ 60 ದಿನದೊಳಗೆ ಪರೀಕ್ಷೆ ಮುಗಿದು ಐಇಪಿ ಸಭೆ ನಡೆಯಬೇಕು. ಐಇಪಿ ಎಂದರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ. ಬಾಯಿಮಾತಿನಲ್ಲಿ ಕೇಳಿದರೆ ‘ಯಾವಾಗ ಕೇಳಿದಿರಿ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಾಗದ ಇದ್ದರೆ ಆ ಪ್ರಶ್ನೆಯೇ ಬರುವುದಿಲ್ಲ.

ನಿಮ್ಮ ಮಗಳ ವಿಷಯ. ದಯವಿಟ್ಟು ಅವಳನ್ನು ದುಭಾಷಿ ಮಾಡಬೇಡಿ. ಮನಸ್ಸು ಒಳ್ಳೆಯದೇ, ಆದರೆ 11 ವರ್ಷದ ಮಗು ಹೊರುವ ಭಾರ ಅದಲ್ಲ. ಒಕ್ಕೂಟ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳಿಂದ ಅನುವಾದ ಮಾಡಿಸಬಾರದು. 2010ರ ಆರೋಗ್ಯ ಕಾಯ್ದೆಯ 1557ನೇ ಕಲಮಿನಡಿ ಇರುವ ನಿಯಮ ಅದು. ಅರ್ಹ ದುಭಾಷಿಯನ್ನು ಆಸ್ಪತ್ರೆಯೇ ಪುಕ್ಕಟೆಯಾಗಿ ಕೊಡಬೇಕು. ಶಾಲೆಯೂ ಅಷ್ಟೇ. ಐಇಪಿ ಸಭೆಯಲ್ಲಿ ನಡೆಯುವುದು ತಂದೆತಾಯಿಗೆ ಅರ್ಥವಾಗುವ ಹಾಗೆ ನೋಡಿಕೊಳ್ಳುವುದು ಶಾಲೆಯ ಕರ್ತವ್ಯ. ಕ್ಯಾಲಿಫೋರ್ನಿಯಾದಲ್ಲಿ ತಾಯಿ ಕೇಳಿದರೆ ಐಇಪಿಯ ಪ್ರತಿಯನ್ನೂ ಅವರ ಭಾಷೆಯಲ್ಲೇ ಕೊಡಬೇಕು. ಆ ಪ್ರತಿ ಕೈಗೆ ಬಂದು, ಓದಿ, ಅರ್ಥವಾದ ಮೇಲೆ ಸಹಿ ಹಾಕಲಿ. ಸಭೆಯಲ್ಲೇ ಸಹಿ ಹಾಕಬೇಕೆಂಬ ಒತ್ತಾಯ ಇಲ್ಲ. ಫೋನಿನ ಅನುವಾದ ಆ್ಯಪ್ ನಿಮ್ಮಿಬ್ಬರ ಮಾತುಕತೆಗೆ ಸಾಕು. ಮಗುವಿನ ಪರೀಕ್ಷೆಯ ವರದಿಗೆ ಸಾಲದು.

ಕಾಗದಪತ್ರದ ಬಗ್ಗೆ ನೀವು ಕೇಳದೆ ಇದ್ದದ್ದು ಒಳ್ಳೆಯದಾಯಿತು. ಮುಂದೆಯೂ ಕೇಳಬೇಡಿ. ಈ ಕೆಲಸಕ್ಕೆ ಅದು ಬೇಕಾಗಿಲ್ಲ. ವಲಸೆಯ ಸ್ಥಿತಿ ಏನೇ ಇರಲಿ, ಮಕ್ಕಳಿಗೆ ಸಾರ್ವಜನಿಕ ಶಾಲೆಯನ್ನು ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಟೆಕ್ಸಸ್‌ನ ಟೈಲರ್ ಎಂಬ ಊರಿನ ಶಾಲೆಗಳಿಂದ ಬಂದ ಪ್ಲೈಲರ್ ವಿರುದ್ಧ ಡೋ ಮೊಕದ್ದಮೆ ಅದು. ರೀಜನಲ್ ಸೆಂಟರ್‌ಗಳ ಸೇವೆಗೂ ವಲಸೆ ಸ್ಥಿತಿ ಅಡ್ಡ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಮೆಡಿ-ಕ್ಯಾಲ್ ಎಂಬ ಸರ್ಕಾರಿ ಆರೋಗ್ಯ ವಿಮೆಯೂ 2016ರಿಂದ ಆದಾಯದ ಮಿತಿಯೊಳಗಿನ ಎಲ್ಲ ಮಕ್ಕಳಿಗೆ ತೆರೆದಿದೆ. ಆಟಿಸಂ ಇರುವ ಮಕ್ಕಳ ವರ್ತನೆಯ ಚಿಕಿತ್ಸೆಯ ಖರ್ಚು ಅದರಲ್ಲಿ ಸಿಗುತ್ತದೆ.

ಆದರೂ ಆ ತಾಯಿಗೆ ಭಯ ಇದ್ದರೆ ‘ಏನೂ ಆಗಲ್ಲ ಬಿಡಿ’ ಎಂದು ಸುಮ್ನೆ ಸಮಾಧಾನ ಹೇಳಬೇಡಿ. ಶಾಲೆ, ಆಸ್ಪತ್ರೆಗಳ ಬಳಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಮಿತಿ ಹಾಕಿದ್ದ ನಿರ್ದೇಶನವನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿದ್ದಾರೆ. ಅವರ ಭಯಕ್ಕೆ ಕಾರಣವಿದೆ. ಸಭೆಯನ್ನು ಫೋನಿನಲ್ಲೋ ವಿಡಿಯೋದಲ್ಲೋ ಮಾಡಿ ಎಂದು ಅವರು ಕೇಳಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ವಲಸೆಯ ಬಗ್ಗೆ ಸಲಹೆ ಬೇಕಾದರೆ ಪರವಾನಗಿ ಇರುವ ವಕೀಲರ ಹತ್ತಿರವೇ ಹೋಗಲಿ. ವಕೀಲರಲ್ಲದೆಯೂ ‘ನೋಟಾರಿಯೋ’ ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ದುಡ್ಡು ಸುರಿದು ಮೋಸ ಹೋದ ಕುಟುಂಬಗಳು ಬಹಳ.

ಈ ದಾರಿಯಲ್ಲಿ ನಡೆದವರ ಪರಿಚಯ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ನಿಮ್ಮ ಊರಿನಲ್ಲೇ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಎಂಬ ಸಂಸ್ಥೆ ಇದೆ. 1976ರಲ್ಲಿ ಶುರುವಾದದ್ದು. ಇಂಥ ಮಕ್ಕಳನ್ನು ಬೆಳೆಸಿದ ತಂದೆತಾಯಿಯರೇ ಅಲ್ಲಿ ದಾರಿ ತೋರಿಸುತ್ತಾರೆ, ಸ್ಪ್ಯಾನಿಷ್‌ನಲ್ಲೂ ತೋರಿಸುತ್ತಾರೆ. ಲಾಸ್ ಏಂಜಲೀಸ್‌ನ ಫಿಯೆಸ್ಟಾ ಎಜುಕಟಿವಾ ಕೂಡ 1978ರಿಂದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಕುಟುಂಬಗಳಿಗಾಗಿಯೇ ಈ ಕೆಲಸ ಮಾಡುತ್ತಿದೆ. ಮಗುವಿನ ಬೆಳವಣಿಗೆಯನ್ನು ಗುರುತು ಹಾಕಿಕೊಳ್ಳಲು ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆಯಾದ ಸಿಡಿಸಿಯ ಮೈಲ್‌ಸ್ಟೋನ್ ಟ್ರ್ಯಾಕರ್ ಎಂಬ ಉಚಿತ ಆ್ಯಪ್ ಸ್ಪ್ಯಾನಿಷ್‌ನಲ್ಲಿದೆ. ತಾಯಿ ಅದರಲ್ಲಿ ಗುರುತು ಹಾಕಿ ಡಾಕ್ಟರಿಗೆ ತೋರಿಸಿದರೆ, ಮಾತು ‘ಕಾದು ನೋಡಿ’ಯಲ್ಲಿ ಮುಗಿಯುವುದು ಕಷ್ಟ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಆ ತಾಯಿ ನಿಮ್ಮ ಮನೆಯಲ್ಲಿ ಕೆಲಸ ಮಾಡುತ್ತಾರೆ. ಇನ್ನು ಮುಂದೆ ಅವರಿಗೆ ಹಗಲು ಹೊತ್ತಿನಲ್ಲೇ ಪರೀಕ್ಷೆ, ಸಭೆ, ಚಿಕಿತ್ಸೆ ಇರುತ್ತದೆ. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂಬ ಹೆದರಿಕೆಯಿಂದ ಅಪಾಯಿಂಟ್‌ಮೆಂಟ್ ತಪ್ಪಿಸುವ ತಾಯಂದಿರನ್ನು ನಾನು ನೋಡಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ವರ್ಷಕ್ಕೆ ಕನಿಷ್ಠ 5 ದಿನ ಅಥವಾ 40 ಗಂಟೆ ಸಂಬಳಸಹಿತ ಅನಾರೋಗ್ಯ ರಜೆ ಇದೆ. ಮನೆಗೆಲಸದವರಿಗೂ ಇದೆ, ಮಗುವನ್ನು ಡಾಕ್ಟರ ಬಳಿಗೆ ಕರೆದೊಯ್ಯಲೂ ಬಳಸಬಹುದು. ಅದು ಅವರ ಹಕ್ಕು ಎಂದು ನೀವಾಗಿಯೇ ಹೇಳಿ. ಸಾಧ್ಯವಾದರೆ ಅದಕ್ಕಿಂತ ಜಾಸ್ತಿಯೇ ಕೊಡಿ. ನೀವು ಮಾಡಬಹುದಾದ ಸಹಾಯದಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುತ್ತಿಲ್ಲ.

ಜೊತೆಗೆ ಹೋಗಬಹುದಾ? ಅವರು ಕರೆದರೆ ಖಂಡಿತ ಹೋಗಿ. ಪಕ್ಕದಲ್ಲಿ ಕೂತು ತಾರೀಕು, ಹೆಸರು ಬರೆದುಕೊಳ್ಳಿ. ಅಧಿಕಾರಿಗಳು ನಿಮ್ಮ ಇಂಗ್ಲಿಷ್ ಕೇಳಿ ನಿಮ್ಮ ಕಡೆ ತಿರುಗಿ ಮಾತಾಡತೊಡಗಿದರೆ ‘ತಾಯಿ ಇಲ್ಲಿದ್ದಾರೆ, ಅವರನ್ನು ಕೇಳಿ’ ಎನ್ನಿ. ಫೈಲು ಅವರ ಕೈಯಲ್ಲೇ ಇರಲಿ. ಈ ಮಗುವಿನ ಕೆಲಸ ಇನ್ನೂ ಹದಿನೈದಿಪ್ಪತ್ತು ವರ್ಷ ಇದೆ. ಅಷ್ಟು ದಿನ ನೀವಿರುವುದಿಲ್ಲ, ಅವರಿರುತ್ತಾರೆ ಅಲ್ವಾ?

ಪ್ರಶ್ನೆ: ನಾನು ಟೆಕ್ಸಸ್‌ನ ಡಲ್ಲಾಸ್ ಹತ್ತಿರದ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕಿ. ಮಾತು ತಡವಾಗಿರುವ, ಆಟಿಸಂ ಇರಬಹುದೆಂಬ ಅನುಮಾನವಿರುವ ಐದು ವರ್ಷದ ಹುಡುಗನೊಬ್ಬನ ತಾಯಿಗೆ ಯಾರೋ ‘ಮನೆಯಲ್ಲಿ ಸ್ಪ್ಯಾನಿಷ್ ಬಿಡಿ, ಇಂಗ್ಲಿಷ್ ಮಾತ್ರ ಆಡಿ, ಎರಡು ಭಾಷೆಯಿಂದಲೇ ಮಗುವಿಗೆ ಗೊಂದಲ’ ಎಂದಿದ್ದಾರೆ. ನಮ್ಮ ಅಕ್ಕನ ಮಗನಿಗೂ ಕನ್ನಡ ಬಿಡಿಸಿದ್ದು ಹೀಗೇ. ಇದು ಸರಿಯಾ?

ಉತ್ತರ: ಸರಿಯಲ್ಲ. ಎರಡು ಭಾಷೆ ಕೇಳುತ್ತಾ ಬೆಳೆದ ಆಟಿಸಂ ಮಕ್ಕಳನ್ನೂ ಒಂದೇ ಭಾಷೆಯ ಆಟಿಸಂ ಮಕ್ಕಳನ್ನೂ ಹೋಲಿಸಿ ನೋಡಿದ ಅಧ್ಯಯನಗಳು ಹಲವು ಇವೆ. ಎರಡು ಭಾಷೆಯಿಂದ ಮಾತು ಇನ್ನಷ್ಟು ಹಿಂದೆ ಬಿದ್ದದ್ದು ಅವುಗಳಲ್ಲಿ ಕಂಡಿಲ್ಲ. ನಷ್ಟ ಆಗುವುದು ಭಾಷೆ ಬಿಡಿಸಿದಾಗ. ಇಂಗ್ಲಿಷ್ ಸರಿಯಾಗಿ ಬಾರದ ತಾಯಿ ಇಂಗ್ಲಿಷ್‌ನಲ್ಲೇ ಮಾತಾಡಬೇಕೆಂದರೆ ಮಾತೇ ಕಡಿಮೆಯಾಗುತ್ತದೆ. ಲಾಲಿ ಹಾಡು, ಗದರಿಕೆ, ಮುದ್ದು ಎಲ್ಲ ನಿಲ್ಲುತ್ತದೆ. ಮೊದಲೇ ಜನರ ಜೊತೆ ಬೆರೆಯಲು ಕಷ್ಟಪಡುವ ಮಗುವಿಗೆ ಅಜ್ಜಿಯ ಜೊತೆ ಆಡಲು ಇದ್ದ ಎರಡು ಮಾತೂ ಹೋಗುತ್ತದೆ. ಹಾಸನದಿಂದ ವಿಡಿಯೋ ಕಾಲ್ ಮಾಡುವ ಅಜ್ಜಿಗೂ ಇದು ಅಷ್ಟೇ ನಿಜ. ನಿಮ್ಮ ಅಕ್ಕ ಇವತ್ತಿನಿಂದಲೇ ಮತ್ತೆ ಕನ್ನಡ ಶುರುಮಾಡಬಹುದು, ತಡವಾಗಿಲ್ಲ. ಆ ತಾಯಿಗೆ ಹೇಳಿ: ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಗುವಿನ ಜೊತೆ ಎಷ್ಟು ಮಾತಾಡಿದರೂ ಒಳ್ಳೆಯದೇ.

‘ಸ್ಪ್ಯಾನಿಷ್‌ನಿಂದಲೇ ಮಾತು ತಡ’ ಎಂಬ ನಂಬಿಕೆಯಿಂದ ಪರೀಕ್ಷೆಯೂ ತಡವಾಗುತ್ತದೆ, ಅದು ನನ್ನ ದೊಡ್ಡ ಚಿಂತೆ. ಟೆಕ್ಸಸ್‌ಗೆ ಈ ವಿಷಯದಲ್ಲಿ ನೋವಿನ ಚರಿತ್ರೆ ಇದೆ. ಶಾಲಾ ಮಕ್ಕಳಲ್ಲಿ ವಿಶೇಷ ಶಿಕ್ಷಣ ಪಡೆಯುವವರು 8.5 ಶೇಕಡಾ ದಾಟಬಾರದೆಂಬ ಗುರಿಯನ್ನು ಅಲ್ಲಿನ ಶಿಕ್ಷಣ ಇಲಾಖೆ 2004ರಲ್ಲಿ ಇಟ್ಟಿತ್ತು. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆ ತಂದಿತು. 2018ರಲ್ಲಿ ಒಕ್ಕೂಟದ ಶಿಕ್ಷಣ ಇಲಾಖೆ ಇದು ಕಾನೂನಿನ ಉಲ್ಲಂಘನೆ ಎಂದಿತು. ಮಿತಿ ಈಗಿಲ್ಲ. ಆದರೆ ‘ಸ್ವಲ್ಪ ತಡೆಯಿರಿ’ ಎನ್ನುವ ಅಭ್ಯಾಸ ಎಲ್ಲ ಕಡೆಯೂ ಹೋಗಿಲ್ಲ. ಸಿಡಿಸಿಯ 2022ರ ಲೆಕ್ಕ ನೋಡಿ. ಎಂಟು ವರ್ಷದ ಸಾವಿರ ಮಕ್ಕಳಲ್ಲಿ ಆಟಿಸಂ ಗುರುತಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಸುತ್ತ 53.1. ಟೆಕ್ಸಸ್‌ನ ಗಡಿ ಊರಾದ ಲಾರೆಡೋದಲ್ಲಿ 9.7. ಲಾರೆಡೋದಲ್ಲಿ ಹೆಚ್ಚುಕಡಿಮೆ ಎಲ್ಲರೂ ಲ್ಯಾಟಿನೋ ಜನ. ಅಲ್ಲಿ ಆಟಿಸಂ ಅಷ್ಟು ಕಡಿಮೆ ಇದೆ ಎಂದು ನಾನು ನಂಬುವುದಿಲ್ಲ. ಗುರುತಿಸುವ ಕೈಗಳು ಕಡಿಮೆ ಇವೆ.

ನೀವು ಶಾಲೆಯವರು, ಆದ್ದರಿಂದ ನಿಮ್ಮ ಒಂದು ಮಾತಿಗೆ ಬೆಲೆ ಇದೆ. ತಾಯಿ ಲಿಖಿತವಾಗಿ ಪರೀಕ್ಷೆ ಕೇಳಿದರೆ ಟೆಕ್ಸಸ್‌ನ ಶಾಲೆ 15 ಶಾಲಾ ದಿನದೊಳಗೆ ಉತ್ತರ ಕೊಡಬೇಕು. ಒಪ್ಪಿಗೆ ಸಿಕ್ಕ ಮೇಲೆ ಸಾಮಾನ್ಯವಾಗಿ 45 ಶಾಲಾ ದಿನದೊಳಗೆ ವರದಿ ಬರಬೇಕು. ಐಇಪಿ ಸಭೆಗೆ ಅಲ್ಲಿ ಎಆರ್‌ಡಿ ಎನ್ನುತ್ತಾರೆ. ತಾಯಿಯ ಭಾಷೆ ಸ್ಪ್ಯಾನಿಷ್ ಆಗಿದ್ದರೆ, ಐಇಪಿಯನ್ನು ಆ ಭಾಷೆಯಲ್ಲಿ ಬರೆದೋ ಧ್ವನಿಮುದ್ರಿಸಿಯೋ ಕೊಡಬೇಕೆಂದು ಟೆಕ್ಸಸ್ ಕಾನೂನೇ ಹೇಳುತ್ತದೆ. ಓದಲು ಕಷ್ಟವಿರುವ ತಾಯಂದಿರಿಗೆ ಆ ಧ್ವನಿಮುದ್ರಣ ದೊಡ್ಡ ಉಪಕಾರ. ಉಚಿತ ಸಲಹೆಗೆ ಪಾರ್ಟ್‌ನರ್ಸ್ ರಿಸೋರ್ಸ್ ನೆಟ್‌ವರ್ಕ್ ಎಂಬ ಸಂಸ್ಥೆ ಇದೆ. ಟೆಕ್ಸಸ್ ವಿಶ್ವವಿದ್ಯಾಲಯದ ಸಾಂಡ್ರಾ ಮಗಾನ್ಯ ಮತ್ತು ಸಂಗಡಿಗರು ರೂಪಿಸಿದ ‘ಪಾದ್ರೆಸ್ ಎನ್ ಆಕ್ಸಿಯೋನ್’ ಎಂಬ ಕಾರ್ಯಕ್ರಮದ ಬಗ್ಗೆಯೂ ವಿಚಾರಿಸಿ. ಆಟಿಸಂ ಮಗುವನ್ನು ಬೆಳೆಸಿದ ತಾಯಂದಿರೇ ತರಬೇತಿ ಪಡೆದು ಬೇರೆ ತಾಯಂದಿರಿಗೆ ಸ್ಪ್ಯಾನಿಷ್‌ನಲ್ಲಿ ಕಲಿಸುತ್ತಾರೆ.

ಪ್ರಶ್ನೆ: ನನ್ನ ಸಹೋದ್ಯೋಗಿಗೆ ಕೊಲಂಬಿಯಾದ ನೆಂಟರು ಆಟಿಸಂ ವಾಸಿಮಾಡುವ ‘ಕ್ಲೋರಿನ್ ಡೈಆಕ್ಸೈಡ್’ ಹನಿಗಳ ವಿಡಿಯೋ ಕಳಿಸಿದ್ದಾರೆ. ಮಗಳಿಗೆ ಕೊಟ್ಟು ನೋಡುವ ಯೋಚನೆಯಲ್ಲಿದ್ದಾರೆ. ಏನು ಹೇಳಲಿ?

ಉತ್ತರ: ಇವತ್ತೇ ತಡೆಯಿರಿ. ಅದು ಬ್ಲೀಚು. ಅಮೆರಿಕದ ಆಹಾರ ಮತ್ತು ಔಷಧಿ ಇಲಾಖೆಯಾದ ಎಫ್‌ಡಿಎ 2010ರಲ್ಲಿ, ಮತ್ತೆ 2019ರಲ್ಲಿ ಇದನ್ನು ಕುಡಿಯಬೇಡಿ, ಕುಡಿಸಬೇಡಿ ಎಂದು ಎಚ್ಚರಿಸಿದೆ. ವಿಪರೀತ ವಾಂತಿ, ಭೇದಿ, ಜೀವಕ್ಕೆ ಅಪಾಯವಾಗುವಷ್ಟು ಕುಸಿಯುವ ರಕ್ತದೊತ್ತಡ, ಯಕೃತ್ತಿನ ವೈಫಲ್ಯ, ಇವೆಲ್ಲ ಆಗಿವೆ. ಆಟಿಸಂ ವಾಸಿಮಾಡುವ ಔಷಧಿ ಯಾವುದೂ ಇಲ್ಲ. ನೆಂಟರನ್ನು ಬೈಯಬೇಡಿ, ಅವರೂ ಪ್ರೀತಿಯಿಂದಲೇ ಕಳಿಸಿರುತ್ತಾರೆ. ಎಫ್‌ಡಿಎ ಎಚ್ಚರಿಕೆಯನ್ನು ಸ್ಪ್ಯಾನಿಷ್‌ನಲ್ಲಿ ಹುಡುಕಿ ಅವರಿಗೂ ಕಳಿಸಲು ಹೇಳಿ. ಮಗುವಿಗೆ ಈಗಾಗಲೇ ಕೊಟ್ಟಿದ್ದರೆ ಪಾಯ್ಸನ್ ಕಂಟ್ರೋಲ್ ಎಂಬ ವಿಷದ ಸಹಾಯವಾಣಿಗೆ, ಅಂದರೆ 1-800-222-1222ಕ್ಕೆ, ತಕ್ಷಣ ಫೋನ್ ಮಾಡಲಿ. ಹಗಲು ರಾತ್ರಿ ಸಿಗುತ್ತಾರೆ, ಸ್ಪ್ಯಾನಿಷ್‌ನಲ್ಲೂ ಮಾತಾಡಬಹುದು. ಮಗು ಸುಸ್ತಾಗಿ ಬಿದ್ದರೆ ಅಥವಾ ಉಸಿರಾಟಕ್ಕೆ ಕಷ್ಟಪಟ್ಟರೆ ನೇರ 911.