ಬೇಸಿಗೆ ಶಿಬಿರದಲ್ಲಿ ಎಳೆಯ ಸಂಗೀತ ಸಂಯೋಜಕರು ಒಬ್ಬರಿಗೊಬ್ಬರು ಆಸರೆಯಾಗುವುದು ಹೇಗೆ?

ವಾಲ್ಡನ್ ಸ್ಕೂಲ್ ಉದಾಹರಣೆ ತಗೊಳ್ಳಿ. 1972ರಲ್ಲಿ ಶುರುವಾದ ಈ ಶಿಬಿರ ಈಗ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಡಬ್ಲಿನ್ ಎಂಬ ಸಣ್ಣ ಊರಲ್ಲಿ ನಡೆಯುತ್ತದೆ. 9ರಿಂದ 18 ವರ್ಷದ ಮಕ್ಕಳು ಅಲ್ಲೇ ಉಳಿದುಕೊಳ್ಳುತ್ತಾರೆ. ಒಟ್ಟಿಗೆ ಊಟ, ಬೆಟ್ಟ ಹತ್ತುವುದು ಎಲ್ಲಾ ಇದೆ. ಅದು ಎಷ್ಟೋ ಶಿಬಿರಗಳಲ್ಲಿ ಇರುತ್ತದೆ ಬಿಡಿ.

ನನ್ನ ಪ್ರಕಾರ ಅಸಲಿ ಕೆಲಸ ಆಗುವುದು ಕಂಪೋಸರ್ಸ್ ಫೋರಮ್ ಎಂಬ ಸಂಗೀತ ಕಛೇರಿಯಲ್ಲಿ. ಮಕ್ಕಳು ಬರೆದ ಹೊಸ ಕೃತಿಗಳನ್ನು ಅಲ್ಲಿ ನುಡಿಸುತ್ತಾರೆ, ಎಷ್ಟೋ ಸಲ ವೃತ್ತಿಪರ ವಾದಕರೇ. ಆಮೇಲೆ ಸುಮ್ನೆ ಚಪ್ಪಾಳೆ ತಟ್ಟಿ ಎದ್ದು ಹೋಗುವುದಿಲ್ಲ. ಬರೆದವರು ಎಲ್ಲರ ಮುಂದೆ ಬರುತ್ತಾರೆ, ಅತಿಥಿ ಸಂಯೋಜಕರು ‘ಇದನ್ನು ಎಲ್ಲಿಂದ ಶುರುಮಾಡಿದೆ, ಇಲ್ಲಿ ಯಾಕೆ ಹೀಗೆ ತಿರುಗಿಸಿದೆ’ ಅಂತ ಮಾತಿಗೆಳೆಯುತ್ತಾರೆ, ಉಳಿದ ಮಕ್ಕಳು ಕೂತು ಕೇಳುತ್ತಾರೆ. ಸ್ಪರ್ಧೆ ಅಲ್ಲ ಇದು. ಇವತ್ತು ಕೇಳಿಸಿಕೊಂಡವರ ಸರದಿ ನಾಳೆ ಬರುತ್ತದೆ, ಹಾಗಾಗಿ ಯಾರೂ ಆಡಿಕೊಳ್ಳುವ ಗೋಜಿಗೆ ಹೋಗುವುದಿಲ್ಲ ಅಲ್ವಾ?

ಕೋರಸ್‌ನಲ್ಲಿ ಎಲ್ಲರೂ ಹಾಡುತ್ತಾರೆ, ಶಿಕ್ಷಕರೂ ಸೇರಿ. ಗುರು ಪಕ್ಕದಲ್ಲೇ ನಿಂತು ದನಿಗೂಡಿಸಿದರೆ ಮಕ್ಕಳ ಸಂಕೋಚ ಅರ್ಧ ಕಡಿಮೆ.

ಶಿಬಿರ ಹುಡುಕುತ್ತಿದ್ದರೆ, ಮಗು ಬರೆದದ್ದನ್ನು ಯಾರು ನುಡಿಸುತ್ತಾರೆ, ಆಮೇಲೆ ಮಾತುಕತೆ ಹೇಗಿರುತ್ತದೆ ಅಂತ ಮೊದಲು ವಿಚಾರಿಸಿ.